ಓಡುವ ಆಪ್ ಒಂದು ಕೈಯಲ್ಲಿರಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಕೂತು ಆನ್‌ಲೈನಲ್ಲಿ ಮೊಬೈಲ್ ಆಪ್ ತಯಾರಿಕೆ ಕಲಿತು ಕೆಲಸ ಹಿಡಿಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಲಾಗಿದೆ.

ಪ್ರಶ್ನೆ: ಬಿ.ಕಾಂ. ಮುಗಿಸಿ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಸಂಜೆ ಎರಡು ಗಂಟೆ ಬಿಡುವು ಸಿಗುತ್ತದೆ. ಆಂಡ್ರಾಯ್ಡ್, ಐಫೋನ್, ಫ್ಲಟರ್, ರಿಯಾಕ್ಟ್ ನೇಟಿವ್ ಎಂದೆಲ್ಲ ಹೇಳುತ್ತಾರೆ. ಯಾವುದನ್ನು ಹಿಡಿಯಲಿ? ಎಷ್ಟು ತಿಂಗಳು ಬೇಕು?
– ಎಂ.ಕೆ., ರಾಣೆಬೆನ್ನೂರು

ಉತ್ತರ: ಕಾಟ್ಲಿನ್ ಭಾಷೆಯಲ್ಲಿ ಆಂಡ್ರಾಯ್ಡ್ ಹಿಡಿಯಿರಿ. ಐಫೋನ್ ಆಪ್ ಕಟ್ಟಲು ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಅದರ ಮೇಲೆ ಆಪ್ ಸ್ಟೋರ್‌ಗೆ ಹಾಕಬೇಕಾದರೆ ಆಪಲ್‌ಗೆ ವರ್ಷವರ್ಷವೂ 99 ಡಾಲರ್ ಕಟ್ಟಬೇಕು. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು. ನಿಮ್ಮ ಮನೆಯವರ, ಅಕ್ಕಪಕ್ಕದವರ ಕೈಯಲ್ಲಿರುವುದೂ ಹೆಚ್ಚಾಗಿ ಆಂಡ್ರಾಯ್ಡ್ ಫೋನೇ. ಮಾಡಿದ ಆಪನ್ನು ಅವತ್ತೇ ಅವರ ಫೋನಿಗೆ ಹಾಕಿ, ಎಲ್ಲಿ ಮುಗ್ಗರಿಸುತ್ತಾರೆ ನೋಡಬಹುದು.

ಫ್ಲಟರ್‌ನಲ್ಲಿ ಡಾರ್ಟ್ ಭಾಷೆಯ ಒಂದೇ ಕೋಡ್‌ನಿಂದ ಎರಡೂ ಬಗೆಯ ಫೋನಿಗೆ ಆಪ್ ಸಿಗುತ್ತದೆ. ಹಾಗಾಗಿ ಸಣ್ಣ ಕಂಪನಿಗಳಿಗೆ ಅದು ಇಷ್ಟ. ಆದರೆ ಕ್ಯಾಮೆರಾ ಅನುಮತಿ, ನೋಟಿಫಿಕೇಶನ್, ಬಿಲ್ಡ್ (ಕೋಡ್‌ನಿಂದ ಆಪ್ ಕಟ್ಟುವ ಹಂತ) ಹೀಗೆ ಎಲ್ಲಾದರೂ ಕೈಕೊಟ್ಟಾಗ ಕೊನೆಗೆ ಆಂಡ್ರಾಯ್ಡ್‌ನ ಒಳಗೇ ಇಳಿಯಬೇಕಾಗುತ್ತದೆ. ಆಂಡ್ರಾಯ್ಡ್ ಬಲ್ಲವರು ಫ್ಲಟರನ್ನು ಬೇಗ ಹಿಡಿಯುತ್ತಾರೆ, ಬರೀ ಫ್ಲಟರ್ ಕಲಿತವರು ಅಲ್ಲೇ ಸಿಕ್ಕಿಬೀಳುತ್ತಾರೆ. ರಿಯಾಕ್ಟ್ ನೇಟಿವ್ ಈಗಾಗಲೇ ಜಾವಾಸ್ಕ್ರಿಪ್ಟ್ ಗೊತ್ತಿರುವವರಿಗೆ. ಒಂದನ್ನು ಹಿಡಿದ ಮೇಲೆ ಆರು ತಿಂಗಳು ಬೇರೆಯದರ ಕಡೆ ತಿರುಗಿ ನೋಡಬೇಡಿ.

ದಿನಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ ಎಂಟರಿಂದ ಹತ್ತು ತಿಂಗಳು ಇಟ್ಟುಕೊಳ್ಳಿ. ಮೊದಲ ಆರೇಳು ವಾರ ಬರೀ ಕಾಟ್ಲಿನ್: ವೇರಿಯಬಲ್, ಫಂಕ್ಷನ್, ಲಿಸ್ಟ್, ಕ್ಲಾಸ್, ನಲ್ ಸುರಕ್ಷತೆ (ಖಾಲಿ ಮೌಲ್ಯದಿಂದ ಆಪ್ ಬೀಳದಂತೆ ತಡೆಯುವುದು). ಆಮೇಲೆ ಎರಡು ತಿಂಗಳು ಜೆಟ್‌ಪ್ಯಾಕ್ ಕಂಪೋಸ್, ಅಂದರೆ ಪರದೆ ಕಟ್ಟುವ ಕೆಲಸ. ಇನ್ನೆರಡು ತಿಂಗಳು ಫೋನಿನಲ್ಲೇ ಮಾಹಿತಿ ಉಳಿಸುವ ರೂಮ್ ಡೇಟಾಬೇಸ್, ಇಂಟರ್‌ನೆಟ್‌ನಿಂದ ಮಾಹಿತಿ ತರುವುದು, ಕೊರೂಟೀನ್ (ಪರದೆ ನಿಲ್ಲದಂತೆ ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಕ್ರಮ). ಉಳಿದ ಅವಧಿಯೆಲ್ಲ ಸ್ವಂತ ಆಪ್‌ಗೆ. ಮೂರೇ ತಿಂಗಳಲ್ಲಿ ಕೆಲಸ ಎನ್ನುವ ಜಾಹೀರಾತು ಈಗಾಗಲೇ ಕೋಡ್ ಬರೆಯಬಲ್ಲವರಿಗೆ ಹೊಂದಬಹುದು, ನಿಮಗಲ್ಲ. ಇನ್ನೊಂದು ಮಾತು: ಉದ್ರಿ ಖಾತೆ, ಜಿಎಸ್‌ಟಿ ಬಿಲ್, ದಾಸ್ತಾನಿನ ಲೆಕ್ಕ ನಿಮಗೆ ಗೊತ್ತು. ಇಂಜಿನಿಯರಿಂಗ್ ಮುಗಿಸಿ ಬಂದ ಬಹಳಷ್ಟು ಹುಡುಗರಿಗೆ ಅದು ಗೊತ್ತಿರುವುದಿಲ್ಲ. ಆಪ್‌ನ ವಿಷಯ ಅಲ್ಲಿಂದಲೇ ಆರಿಸಿಕೊಳ್ಳಿ.

ಪ್ರಶ್ನೆ: 8 ಜಿಬಿ ರ್‍ಯಾಮ್, ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ನನ್ನದು. ಆಪ್ ಕಟ್ಟುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೊ ತೆರೆದರೆ ಎಲ್ಲವೂ ಸ್ತಬ್ಧ. ಎಮ್ಯುಲೇಟರ್ ಶುರುವಾಗುವುದೇ ಇಲ್ಲ. ಹೊಸದು ಕೊಳ್ಳಲೇಬೇಕೆ?
– ಆರ್.ಎಚ್., ಸಿಂಧನೂರು

ಉತ್ತರ: ಈಗಲೇ ಬೇಡ. ಮೊದಲು ಹಾರ್ಡ್ ಡಿಸ್ಕ್ ತೆಗೆಸಿ 256 ಅಥವಾ 512 ಜಿಬಿಯ ಎಸ್‌ಎಸ್‌ಡಿ ಹಾಕಿಸಿ. ಬಿಲ್ಡ್ ಮಾಡುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದಿ ಬರೆಯುವ ಕೆಲಸ ನಡೆಯುತ್ತದೆ, ತಿರುಗುವ ಡಿಸ್ಕ್ ಅಲ್ಲೇ ಸೋಲುತ್ತದೆ. ರ್‍ಯಾಮ್ ಹಾಕಲು ಇನ್ನೊಂದು ಜಾಗ ಖಾಲಿ ಇದ್ದರೆ 16 ಜಿಬಿ ಮಾಡಿಸಿ.

ಎಮ್ಯುಲೇಟರನ್ನು, ಅಂದರೆ ಲ್ಯಾಪ್‌ಟಾಪಿನೊಳಗಿನ ನಕಲಿ ಫೋನನ್ನು, ಮರೆತುಬಿಡಿ, ನಿಮ್ಮ ಫೋನನ್ನೇ ಬಳಸಿ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಪುಟಕ್ಕೆ ಹೋಗಿ 'ಬಿಲ್ಡ್ ನಂಬರ್' ಮೇಲೆ ಏಳು ಸಲ ಒತ್ತಿದರೆ 'ಡೆವಲಪರ್ ಆಪ್ಷನ್ಸ್' ತೆರೆದುಕೊಳ್ಳುತ್ತದೆ. ಅದರಲ್ಲಿ 'ಯುಎಸ್‌ಬಿ ಡೀಬಗಿಂಗ್' ಆನ್ ಮಾಡಿ. ರೆಡ್‌ಮಿ, ಪೊಕೊ ಫೋನುಗಳಲ್ಲಿ ಒತ್ತಬೇಕಾದದ್ದು ಓಎಸ್ ಆವೃತ್ತಿಯ ಸಾಲನ್ನು. ಜತೆಗೆ ಅಲ್ಲಿ 'ಇನ್‌ಸ್ಟಾಲ್ ವಯಾ ಯುಎಸ್‌ಬಿ' ಎಂಬ ಇನ್ನೊಂದು ಗುಂಡಿಯೂ ಇದೆ. ಅದನ್ನು ಬಿಟ್ಟರೆ ಫೋನ್ ಸ್ಟುಡಿಯೊದಲ್ಲಿ ಕಾಣಿಸುತ್ತದೆ, ಆಪ್ ಮಾತ್ರ ಇಳಿಯುವುದಿಲ್ಲ. ಫೋನೇ ಕಾಣದಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜ್ ಆಗುವ ತಂತಿ ಮಾತ್ರ ಇರುತ್ತದೆ.

ಎಮ್ಯುಲೇಟರ್ ಬೇಕೇ ಬೇಕೆಂದರೆ ಬಯಾಸ್‌ಗೆ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ ವರ್ಚುವಲೈಸೇಶನ್ ಆನ್ ಇದೆಯೇ ನೋಡಿ. ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬ ಹೆಸರಿರುತ್ತದೆ. ಶುರುವಾಗದಿರಲು ಬಹಳ ಸಲ ಇದೇ ಕಾರಣ.

ಎಲ್ಲರೂ ಎಡವುವ ಇನ್ನೂ ಕೆಲವು ಕಡೆ ಇವೆ. ಹೊಸ ಪ್ರಾಜೆಕ್ಟ್ ತೆರೆದಾಗ ಬಿಲ್ಡ್ ನಡೆಸುವ ಸಾಧನ ಗ್ರೇಡಲ್ ಬೇಕಾದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳುತ್ತದೆ. ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು, ನಡುವೆ ಮುಚ್ಚಬೇಡಿ. ಸ್ಟುಡಿಯೊ, ಎಸ್‌ಡಿಕೆ (ಆಂಡ್ರಾಯ್ಡ್ ಆಪ್ ಕಟ್ಟುವ ಸಲಕರಣೆ), ಗ್ರೇಡಲ್ ಎಲ್ಲ ಸೇರಿ ಮೊದಲ ದಿನವೇ ನಾಲ್ಕೈದು ಜಿಬಿ ಡೇಟಾ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ನೆಚ್ಚಿಕೊಂಡರೆ ಅರ್ಧಕ್ಕೆ ನಿಂತು, ಅರೆಬರೆ ಇಳಿದ ಫೈಲುಗಳಿಂದ ಇನ್ನಷ್ಟು ತೊಂದರೆ. ಆ ದಿನ ವೈಫೈ ಇರುವ ಕಡೆ ಹೋಗಿ ಕೂರಿ. ಪ್ರಾಜೆಕ್ಟಿನ ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡಬೇಡಿ. ವಿಂಡೋಸ್‌ನಲ್ಲಿ ಇಂಗ್ಲಿಷೇತರ ಅಕ್ಷರ ಇರುವ ದಾರಿ ಕಂಡರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಪ್ರಾಜೆಕ್ಟನ್ನು ಒನ್‌ಡ್ರೈವ್ ಒಳಗೂ ಇಡಬೇಡಿ, ಬಿಲ್ಡ್ ನಡೆಯುವಾಗಲೇ ಅದು ಫೈಲುಗಳನ್ನು ಹಿಡಿದುಕೊಳ್ಳುತ್ತದೆ. 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್' ಎಂಬ ಕೆಂಪು ಸಾಲು ಬಂದರೆ ಜಾವಾ ಆವೃತ್ತಿಗೂ ಗ್ರೇಡಲ್ ಆವೃತ್ತಿಗೂ ತಾಳೆ ಇಲ್ಲ ಎಂದರ್ಥ. ಸೆಟ್ಟಿಂಗ್ಸ್‌ನ ಗ್ರೇಡಲ್ ಪುಟದಲ್ಲಿ ಸ್ಟುಡಿಯೊ ಜತೆಗೇ ಬಂದ ಜೆಡಿಕೆ (ಜಾವಾ ಸಲಕರಣೆ) ಆರಿಸಿ.

ಪ್ರಶ್ನೆ: ಉಚಿತ ಕೋರ್ಸ್ ಸಾಕೇ, ದುಡ್ಡು ಕೊಟ್ಟು ಸೇರಬೇಕೇ? ಒಂದು ಕೋರ್ಸ್ ಹಳತಾಗಿದೆ ಎಂದು ತಿಳಿಯುವುದು ಹೇಗೆ?
– ಪಿ.ಎನ್., ತೀರ್ಥಹಳ್ಳಿ

ಉತ್ತರ: ಗೂಗಲ್ ತನ್ನ ಡೆವಲಪರ್ ತಾಣದಲ್ಲಿ ಕೊಡುವ 'ಆಂಡ್ರಾಯ್ಡ್ ಬೇಸಿಕ್ಸ್ ವಿತ್ ಕಂಪೋಸ್' ಪೂರ್ತಿ ಉಚಿತ. ಕೋಡ್ ಬರೆದೇ ಗೊತ್ತಿಲ್ಲದವರಿಗೆಂದೇ ಮಾಡಿದ್ದು. ಕಾಟ್ಲಿನ್‌ನ ಮೊದಲ ಪಾಠದಿಂದ ಡೇಟಾಬೇಸ್‌ವರೆಗೂ ಹೋಗುತ್ತದೆ. ಅದನ್ನು ಮುಗಿಸದೆ ಬೇರೆಲ್ಲೂ ದುಡ್ಡು ಕಟ್ಟಬೇಡಿ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಐಐಟಿಗಳ ಆನ್‌ಲೈನ್ ಪಾಠ ಯೋಜನೆ ಎನ್‌ಪಿಟಿಇಎಲ್‌ನಲ್ಲಿ ಜಾವಾ ಕೋರ್ಸ್‌ಗಳಿವೆ. ಪಾಠ ಉಚಿತ, ಶುಲ್ಕ ಪರೀಕ್ಷೆಗೆ ಮಾತ್ರ. ಅಸೈನ್‌ಮೆಂಟ್‌ಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ವಾರವಾರದ ಅಸೈನ್‌ಮೆಂಟ್ ತಪ್ಪಿಸಿದವರಿಗೆ ಪರೀಕ್ಷೆ ಚೆನ್ನಾಗಿ ಬರೆದರೂ ಸರ್ಟಿಫಿಕೇಟ್ ಸಿಗದೇ ಹೋಗುತ್ತದೆ. ಕೋರ್ಸೆರಾದಲ್ಲಿ ಮೆಟಾ ಕಂಪನಿಯ ಆಂಡ್ರಾಯ್ಡ್ ಕೋರ್ಸ್ ಮಾಲೆ ಇದೆ. ಶುಲ್ಕ ಹೆಚ್ಚೆನಿಸಿದರೆ ಅಲ್ಲೇ ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದು.

ದುಡ್ಡು ಕೊಡುವುದಿದ್ದರೆ ಒಂದೇ ವಿಷಯಕ್ಕೆ ಕೊಡಿ: ನೀವು ಬರೆದ ಕೋಡನ್ನು ಬಲ್ಲವರು ಸಾಲುಸಾಲಾಗಿ ನೋಡಿ ತಿದ್ದುವುದಕ್ಕೆ. ವಿಡಿಯೊಗೆ ದುಡ್ಡು ಸುರಿಯುವುದು ದಂಡ.

ಹಳೆಯ ಕೋರ್ಸ್ ಗುರುತಿಸಲು ಪಾಠಗಳ ಪಟ್ಟಿ ನೋಡಿದರೆ ಸಾಕು. 'ಅಸಿಂಕ್‌ಟಾಸ್ಕ್' ಎಂಬ ಅಧ್ಯಾಯ ಇದ್ದರೆ ಆ ಪಾಠ 2020ಕ್ಕಿಂತ ಹಿಂದಿನದು, ಆಂಡ್ರಾಯ್ಡ್ 11ರ ಹೊತ್ತಿಗೇ ಗೂಗಲ್ ಅದನ್ನು ಕೈಬಿಟ್ಟಿತು. 'ಜೆಸೆಂಟರ್' ಸೇರಿಸಿ ಎನ್ನುವ ಪಾಠವೂ ಹಳೆಯದೇ, ಸಿದ್ಧ ಕೋಡ್‌ಗಳ ಆ ಉಗ್ರಾಣವನ್ನು ಮುಚ್ಚುವ ಘೋಷಣೆ 2021ರಲ್ಲೇ ಬಂತು. ಕಂಪೋಸ್‌ನ ಮೊದಲ ಸ್ಥಿರ ಆವೃತ್ತಿ ಬಂದದ್ದೂ 2021ರಲ್ಲಿ. ಅದರ ಹೆಸರೇ ಇಲ್ಲದ ಕೋರ್ಸ್‌ಗೆ ಈಗ ದುಡ್ಡು ಕೊಡಬೇಡಿ. ಹಾಗೆಂದು ಎಕ್ಸ್‌ಎಂಎಲ್‌ನಲ್ಲಿ ಪರದೆ ಕಟ್ಟುವ ಹಳೆಯ ಕ್ರಮ ಪೂರ್ತಿ ಬೇಡವೆಂದಲ್ಲ. ಕಂಪನಿಗಳಲ್ಲಿ ಹತ್ತು ವರ್ಷ ಹಳೆಯ ಆಪ್‌ಗಳು ಅದರಲ್ಲೇ ಇವೆ. ಕಂಪೋಸ್ ಕೈಗೆ ಹತ್ತಿದ ಮೇಲೆ ಎರಡು ವಾರ ಅದಕ್ಕೂ ಕೊಡಿ.

ಪ್ರಶ್ನೆ: ಎರಡು ಕೋರ್ಸ್ ಮುಗಿಸಿದ್ದೇನೆ, ಎರಡು ಸರ್ಟಿಫಿಕೇಟೂ ಇವೆ. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ. ಖಾಲಿ ಪರದೆ ಮುಂದೆ ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ.
– ಎಸ್.ಬಿ., ಚನ್ನರಾಯಪಟ್ಟಣ

ಉತ್ತರ: ವಿಡಿಯೊ ನೋಡಿ ಈಜು ಕಲಿತಂತಾಗಿದೆ. ಮೂರನೆಯ ಕೋರ್ಸ್‌ಗೆ ಸೇರಬೇಡಿ, ಒಂದು ಆಪ್ ಶುರು ಮಾಡಿ. ನಿಮ್ಮ ಊರಿಗೆ ಹೊಂದುವ ಒಂದನ್ನೇ ತೆಗೆದುಕೊಳ್ಳೋಣ: ಡೇರಿಗೆ ಹಾಲು ಹಾಕುವವರ ಲೆಕ್ಕ. ಬೆಳಗ್ಗೆ, ಸಂಜೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ದರ ಎಷ್ಟು, ಬಟವಾಡೆಗೆ ಒಟ್ಟು ಎಷ್ಟು ಬರಬೇಕು. ಇಷ್ಟೇ.

ಮೊದಲು ಕಾಗದದ ಮೇಲೆ ಎರಡು ಪರದೆ ಬರೆಯಿರಿ: ಒಂದು ಪಟ್ಟಿ, ಇನ್ನೊಂದು ನಮೂದು. ಆಮೇಲೆ ಕೋಡ್‌ನಲ್ಲೇ ಐದು ಸುಳ್ಳು ನಮೂದು ಇಟ್ಟು ಪಟ್ಟಿಯ ಪರದೆ ಮಾತ್ರ ಕಟ್ಟಿ ಓಡಿಸಿ. ಅದು ಓಡಿದ ಮೇಲೆ ನಮೂದಿನ ಪರದೆ. ಡೇಟಾಬೇಸ್ ಕಡೆಗೆ ಬರುವುದು ಮೂರನೆಯ ಹಂತದಲ್ಲಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಕೆಟ್ಟಿದೆ ಎಂದೇ ತಿಳಿಯುವುದಿಲ್ಲ. ಒಂದೊಂದು ಹಂತ ಮುಗಿದಾಗಲೂ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಕಮಿಟ್ ಮಾಡಿ, ಅಂದರೆ ಆ ಹಂತವನ್ನು ದಾಖಲಿಸಿ.

ಈ ಸಣ್ಣ ಆಪ್‌ನಲ್ಲೇ ಕೆಲಸಕ್ಕೆ ಬೇಕಾದ ಮುಖ್ಯ ಪಾಠಗಳೆಲ್ಲ ಎದುರಾಗುತ್ತವೆ.

ಒಂದು, ದುಡ್ಡಿನ ಲೆಕ್ಕ. 'ಡಬಲ್' ಎಂಬ ದಶಾಂಶ ಮಾದರಿಯಲ್ಲಿ 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರ್ 0.30000000000000004 ಎನ್ನುತ್ತದೆ, ಏಕೆಂದರೆ ಅದು ಭಿನ್ನರಾಶಿಯನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ. ದಿನಕ್ಕೆರಡು ನಮೂದು ಕೂಡುತ್ತಾ ಹೋದರೆ ಎಲ್ಲೋ ಒಂದು ಕಡೆ ಪೈಸೆ ತಪ್ಪುತ್ತದೆ. ಲೀಟರನ್ನು ಮಿಲಿಲೀಟರಲ್ಲೂ ದರವನ್ನು ಪೈಸೆಯಲ್ಲೂ ಪೂರ್ಣಾಂಕವಾಗಿ ಇಡಿ. 5.5 ಲೀಟರ್, ಲೀಟರಿಗೆ 36.10 ರೂಪಾಯಿ ಎಂದರೆ 5500ನ್ನು 3610ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 19855 ಪೈಸೆ, ಅಂದರೆ 198.55 ರೂಪಾಯಿ. ಪರದೆಯ ಮೇಲೆ ತೋರಿಸುವಾಗ ಮಾತ್ರ ರೂಪಾಯಿಗೆ ಬದಲಿಸಿ.

ಎರಡು, ಫೋನ್ ತಿರುಗಿಸಿ ನೋಡಿ. ಅರ್ಧ ತುಂಬಿದ ನಮೂದು ಅಳಿಸಿಹೋದರೆ ನಮೂದನ್ನು ನೆನಪಿಡಲು ನೀವು ಕಂಪೋಸ್‌ನ ಬರೀ 'ರಿಮೆಂಬರ್' ಬಳಸಿದ್ದೀರಿ. ಫೋನ್ ತಿರುಗಿದಾಗ ಆಂಡ್ರಾಯ್ಡ್ ಪರದೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. 'ರಿಮೆಂಬರ್ ಸೇವಬಲ್' ಅಥವಾ ವ್ಯೂಮಾಡೆಲ್‌ಗೆ (ಮಾಹಿತಿಯನ್ನು ಪರದೆಯ ಹೊರಗೆ ಹಿಡಿದಿಡುವ ಭಾಗ) ಬದಲಿಸಿದರೆ ಉಳಿಯುತ್ತದೆ. ಅಲ್ಲಿಗೇ ನಿಲ್ಲಬೇಡಿ. ಡೆವಲಪರ್ ಆಪ್ಷನ್ಸ್‌ನಲ್ಲಿ 'ಡೋಂಟ್ ಕೀಪ್ ಆಕ್ಟಿವಿಟೀಸ್' ಆನ್ ಮಾಡಿ, ಬೇರೆ ಆಪ್‌ಗೆ ಹೋಗಿ ಮರಳಿ ಬನ್ನಿ. ಈಗ ಬರೀ ವ್ಯೂಮಾಡೆಲ್‌ನಲ್ಲಿ ಇಟ್ಟದ್ದೂ ಹೋಗಿರುತ್ತದೆ, ಸೇವಬಲ್‌ನಲ್ಲಿ ಇಟ್ಟದ್ದು ಇರುತ್ತದೆ. ಈ ವ್ಯತ್ಯಾಸವನ್ನು ಸಂದರ್ಶನದಲ್ಲಿ ಕೇಳೇ ಕೇಳುತ್ತಾರೆ.

ಮೂರು, ಬದಲಾವಣೆ. ಆಪ್ ಬಳಕೆಗೆ ಬಂದ ತಿಂಗಳಿಗೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಕಾಲಮ್ಮೂ ಬೇಕು ಎನ್ನುತ್ತಾರೆ. ಕಾಲಮ್ ಸೇರಿಸಿ ಓಡಿಸಿದರೆ ಆಪ್ ತೆರೆಯುವಾಗಲೇ ಬೀಳುತ್ತದೆ. ಟೇಬಲ್ ಬದಲಾಗಿದೆ, ಆವೃತ್ತಿ ಸಂಖ್ಯೆ ಬದಲಾಗಿಲ್ಲ ಎಂದು ರೂಮ್ ದೂರುತ್ತದೆ. ಸಂಖ್ಯೆಯನ್ನು 1ರಿಂದ 2 ಮಾಡಿದರೆ ಈಗ ಮೈಗ್ರೇಶನ್ (ಹಳೆಯ ಟೇಬಲನ್ನು ಹೊಸ ರೂಪಕ್ಕೆ ದಾಟಿಸುವ ಕೋಡ್) ಎಲ್ಲಿ ಎಂದು ಕೇಳುತ್ತದೆ. ಇಲ್ಲಿ ಹಲವು ವಿಡಿಯೊಗಳು 'ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಶನ್' ಎಂಬ ಒಂದು ಸಾಲು ಹಾಕಿ ಮುಂದೆ ಹೋಗುತ್ತವೆ. ಆ ಸಾಲು ಮಾಡುವುದೇನೆಂದರೆ ಹಳೆಯ ಟೇಬಲ್ ಅಳಿಸಿ ಹೊಸದು ಕಟ್ಟುವುದು. ನಿಮ್ಮ ಫೋನಿನಲ್ಲಿ ಪರವಾಗಿಲ್ಲ, ಹಾಲಿನವರ ಫೋನಿನಲ್ಲಿ ಇಡೀ ತಿಂಗಳ ಲೆಕ್ಕ ಮಾಯ. ಬದಲಿಗೆ ಕಾಲಮ್ ಸೇರಿಸುವ ಎಸ್‌ಕ್ಯುಎಲ್ ಸಾಲನ್ನು ಮೈಗ್ರೇಶನ್‌ನಲ್ಲಿ ಬರೆಯಿರಿ. ಹಳೆಯ ನಮೂದುಗಳಿಗೆ ಪೂರ್ವನಿಗದಿ ಮೌಲ್ಯ ಕೊಡಿ, ಇಲ್ಲವೇ ಕಾಲಮ್ ಖಾಲಿ ಇರಲು ಅವಕಾಶ ಕೊಡಿ.

ಆಪ್ ಬಿದ್ದಾಗ ಗಾಬರಿಯಾಗಿ ಕೋಡ್ ಅಳಿಸಬೇಡಿ. ಸ್ಟುಡಿಯೊದಲ್ಲಿ ದೋಷದ ದಾಖಲೆ ತೋರಿಸುವ ಲಾಗ್‌ಕ್ಯಾಟ್‌ನ ಕೆಂಪು ಸಾಲುಗಳಲ್ಲಿ 'ಕಾಸ್ಡ್ ಬೈ' ಎಂದಿರುವ ಕಡೆಯ ಜಾಗ ಹುಡುಕಿ, ಅದರ ಕೆಳಗೆ ನಿಮ್ಮ ಪ್ಯಾಕೇಜ್ ಹೆಸರಿರುವ ಮೊದಲ ಸಾಲು ನೋಡಿ. ಫೈಲಿನ ಹೆಸರು, ಸಾಲಿನ ಸಂಖ್ಯೆ ಅಲ್ಲೇ ಇರುತ್ತದೆ. ಉಳಿದ ನಲವತ್ತು ಸಾಲು ಓದಬೇಕಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲೇ ಸಣ್ಣ ಸರ್ವರ್ ಓಡಿಸಿ ಆಪ್‌ನಿಂದ ಲೋಕಲ್‌ಹೋಸ್ಟ್ ಕರೆದರೆ ಸಂಪರ್ಕವೇ ಆಗುವುದಿಲ್ಲ. ಬ್ರೌಸರಿನಲ್ಲಿ ಸರಿಯಾಗಿ ಬರುತ್ತದೆ.
– ವಿ.ಡಿ., ಬೀದರ್

ಉತ್ತರ: ಲೋಕಲ್‌ಹೋಸ್ಟ್ ಅಂದರೆ 'ಇದೇ ಯಂತ್ರ'. ಆಪ್‌ನ ಪಾಲಿಗೆ ಅದು ಫೋನೇ ಹೊರತು ಲ್ಯಾಪ್‌ಟಾಪ್ ಅಲ್ಲ. ಎಮ್ಯುಲೇಟರ್ ಆದರೆ 10.0.2.2 ಎಂಬ ವಿಳಾಸ ಕೊಡಿ. ಕೇಬಲ್ ಹಾಕಿದ ಫೋನ್ ಆದರೆ ಎಡಿಬಿಯ (ಲ್ಯಾಪ್‌ಟಾಪಿನಿಂದ ಫೋನಿಗೆ ಆದೇಶ ಕೊಡುವ ಸಾಧನ) 'ರಿವರ್ಸ್' ಆದೇಶದಿಂದ ಆ ಪೋರ್ಟನ್ನು ಜೋಡಿಸಿ, ಆಗ ಲೋಕಲ್‌ಹೋಸ್ಟೇ ನಡೆಯುತ್ತದೆ. ಆಮೇಲೂ ಆಗದಿದ್ದರೆ ಮ್ಯಾನಿಫೆಸ್ಟ್‌ನಲ್ಲಿ (ಆಪ್‌ಗೆ ಬೇಕಾದ ಅನುಮತಿಗಳನ್ನು ಬರೆಯುವ ಫೈಲ್) ಇಂಟರ್‌ನೆಟ್ ಅನುಮತಿ ಬರೆದಿದ್ದೀರಾ ನೋಡಿ. ಅದೂ ಇದ್ದರೆ, ವಿಳಾಸ ಎಚ್‌ಟಿಟಿಪಿಯದಾಗಿರುವುದೇ ಕಾರಣವಿರಬಹುದು. ಆಂಡ್ರಾಯ್ಡ್ 9ರಿಂದ ಎಚ್‌ಟಿಟಿಪಿಎಸ್ ಅಲ್ಲದ ಸಂಪರ್ಕಕ್ಕೆ ತಾನಾಗಿಯೇ ತಡೆ ಬೀಳುತ್ತದೆ. ಡೀಬಗ್ ಬಿಲ್ಡ್‌ಗೆ (ಪರೀಕ್ಷೆಗೆಂದು ಕಟ್ಟುವ ಆಪ್) ಮಾತ್ರ ಅದನ್ನು ಸಡಿಲಿಸಿ.

ಪ್ರಶ್ನೆ: ಕನ್ನಡದ ಆಪ್ ಮಾಡುತ್ತಿದ್ದೇನೆ. ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುತ್ತದೆ. ಕೆಲವು ಕಡೆ ಹೆಸರು ಅರ್ಧ ಅಕ್ಷರಕ್ಕೆ ನಿಲ್ಲುತ್ತದೆ.
– ಜಿ.ಟಿ., ಉಜಿರೆ

ಉತ್ತರ: ಎರಡಕ್ಕೂ ಕಾರಣ ಇಂಗ್ಲಿಷಿನ ಅಳತೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. 'ಕ್ಷ್ಮಿ', 'ಸ್ತ್ರೀ' ಬಂದಾಗ ಒತ್ತು ಎರಡು ಮಹಡಿ ಕೆಳಗಿಳಿಯುತ್ತದೆ. ಅಕ್ಷರ 16 ಎಸ್‌ಪಿ (ಆಂಡ್ರಾಯ್ಡ್‌ನಲ್ಲಿ ಅಕ್ಷರ ಅಳೆಯುವ ಮಾನ) ಇದ್ದರೆ ಸಾಲಿನ ಎತ್ತರ 24ರಿಂದ 26 ಎಸ್‌ಪಿ ಕೊಡಿ. ಗುಂಡಿ, ಪೆಟ್ಟಿಗೆಗಳಿಗೆ ನಿಗದಿತ ಎತ್ತರ ಕೊಡದೆ ಕನಿಷ್ಠ ಎತ್ತರ ಮಾತ್ರ ಕೊಡಿ. ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಆಂಡ್ರಾಯ್ಡ್ 14ರಲ್ಲಿ ಅದು ಎರಡು ಪಟ್ಟಿನವರೆಗೂ ಹೋಗುತ್ತದೆ. ಗರಿಷ್ಠ ಅಳತೆ ಇಟ್ಟು ಒಮ್ಮೆ ಇಡೀ ಆಪ್ ತಿರುಗಿ ನೋಡಿ.

ಅರ್ಧ ಅಕ್ಷರದ ಸಂಗತಿ ಬೇರೆ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್‌ನಲ್ಲಿ ಆರು: ಸ, ಹಲಂತ ಚಿಹ್ನೆ (್), ತ, ಹಲಂತ ಚಿಹ್ನೆ, ರ, ದೀರ್ಘ ಈ. ಕಾಟ್ಲಿನ್‌ನಲ್ಲಿ ಉದ್ದ ಕೇಳಿದರೆ 6 ಎನ್ನುತ್ತದೆ. 'ಮೊದಲ ಹತ್ತು ಅಕ್ಷರ ತೋರಿಸು' ಎಂದು ಕತ್ತರಿಸಿದರೆ ನಡುಮಧ್ಯೆ ಕೊಯ್ದು ಒಂದು ಬಡಕಲು 'ಸ್' ಉಳಿಯುತ್ತದೆ. ಕೈಯಾರೆ ಕತ್ತರಿಸಬೇಡಿ. ಪರದೆಯಲ್ಲಿ ಜಾಗ ಸಾಲದಿದ್ದರೆ ಕೊನೆಗೆ ಚುಕ್ಕಿ ಹಾಕುವ 'ಎಲಿಪ್ಸಿಸ್' ವ್ಯವಸ್ಥೆಗೇ ಬಿಡಿ. ಫಾರಂನಲ್ಲಿ ಹೆಸರಿಗೆ ಇಪ್ಪತ್ತರ ಮಿತಿ ಹಾಕಿದ್ದರೆ ಐವತ್ತು ಮಾಡಿ.

ಪ್ರಶ್ನೆ: 25 ಡಾಲರ್ ಕಟ್ಟಿ ಖಾತೆ ತೆರೆದೆ. ಈಗ ಪ್ಲೇ ಸ್ಟೋರ್ ಹನ್ನೆರಡು ಜನ ಪರೀಕ್ಷಕರನ್ನು ಕೇಳುತ್ತಿದೆ. ದುಡ್ಡು ಕೊಟ್ಟರೆ ಜನ ಒದಗಿಸುತ್ತೇವೆ ಎನ್ನುವವರೂ ಇದ್ದಾರೆ.
– ಕೆ.ಎಲ್., ವಿಜಯಪುರ

ಉತ್ತರ: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆಲ್ಲ ಈ ನಿಯಮ. ಮೊದಲು 20 ಜನ ಬೇಕಿತ್ತು, 2024ರ ಕೊನೆಗೆ 12ಕ್ಕೆ ಇಳಿಸಿದರು. 'ಕ್ಲೋಸ್ಡ್ ಟೆಸ್ಟಿಂಗ್'ನಲ್ಲಿ (ಕರೆದವರಿಗೆ ಮಾತ್ರ ಆಪ್ ಕೊಡುವ ಪರೀಕ್ಷೆ) ಕನಿಷ್ಠ 12 ಜನ ಸತತ 14 ದಿನ ಸೇರಿಕೊಂಡಿರಬೇಕು. ಆಮೇಲಷ್ಟೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು.

ಇಲ್ಲಿ ಎಡವಟ್ಟಾಗುವುದು ಹೀಗೆ: ಪಟ್ಟಿಗೆ ಜಿಮೇಲ್ ವಿಳಾಸ ಸೇರಿಸಿದರೆ ಮುಗಿಯಿತೆಂದು ಕೂತುಬಿಡುತ್ತಾರೆ. ಅದು ಲೆಕ್ಕಕ್ಕಿಲ್ಲ. ಆ ವ್ಯಕ್ತಿ ಲಿಂಕ್ ಒತ್ತಿ ಪರೀಕ್ಷಕನಾಗಲು ಒಪ್ಪಬೇಕು. ಫೋನಿನ ಪ್ಲೇ ಸ್ಟೋರಿನಲ್ಲಿರುವ ಜಿಮೇಲೂ ನೀವು ಪಟ್ಟಿಯಲ್ಲಿ ಹಾಕಿದ ಜಿಮೇಲೂ ಒಂದೇ ಇರಬೇಕು. ಸರಿಯಾಗಿ ಹನ್ನೆರಡೇ ಜನರನ್ನು ಇಟ್ಟುಕೊಂಡು ನಡುವೆ ಒಬ್ಬರು ಹೊರಹೋದರೆ ದಿನದ ಲೆಕ್ಕ ತಪ್ಪುತ್ತದೆ. ಹದಿನೈದರಿಂದ ಹದಿನೆಂಟು ಜನರನ್ನು ಕರೆಯಿರಿ. ಡೇರಿಯ ಆಪ್ ಆದರೆ ಡೇರಿಗೆ ಬರುವವರನ್ನೇ ಕರೆಯಿರಿ. ಪರೀಕ್ಷಕರು ಏನು ಹೇಳಿದರು, ನೀವು ಏನು ಬದಲಿಸಿದಿರಿ ಎಂದು ಅರ್ಜಿಯಲ್ಲಿ ಗೂಗಲ್ ಕೇಳುತ್ತದೆ. ಬಾಡಿಗೆ ಪರೀಕ್ಷಕರನ್ನು ತಂದವರಿಗೆ ಅಲ್ಲಿ ಬರೆಯಲು ಏನೂ ಇರುವುದಿಲ್ಲ.

ಉಳಿದದ್ದು: ಪ್ಲೇ ಸ್ಟೋರ್‌ಗೆ ಕಳಿಸಲು ಫೋನಿಗೆ ನೇರ ಹಾಕುವ ಎಪಿಕೆ ಅಲ್ಲ, ಎಎಬಿ ಫೈಲ್ ಬೇಕು. 2021ರ ಆಗಸ್ಟ್‌ನಿಂದ ಹೊಸ ಆಪ್‌ಗಳಿಗೆಲ್ಲ ಹಾಗೆಯೇ. ಗೌಪ್ಯತೆ ನೀತಿಯ ಪುಟಕ್ಕೆ ಲಿಂಕ್ ಕೊಡಬೇಕು, 'ಡೇಟಾ ಸೇಫ್ಟಿ' ಫಾರಂ ತುಂಬಬೇಕು. ಟಾರ್ಗೆಟ್ ಎಸ್‌ಡಿಕೆ (ಆಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಕಟ್ಟಿದ್ದೆಂದು ಹೇಳುವ ಸಂಖ್ಯೆ) ಪ್ರತಿವರ್ಷ ಆಗಸ್ಟ್ ಕೊನೆಗೆ ಏರುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆಪ್‌ಗೆ ಅದು 35 ಇರಬೇಕೆಂದಾಯಿತು. ಹಳೆಯ ವಿಡಿಯೊ ನೋಡಿ ಸಂಖ್ಯೆ ಹಾಕಿದರೆ ಅಪ್‌ಲೋಡೇ ಆಗುವುದಿಲ್ಲ. ಆಪ್‌ಗೆ ಡಿಜಿಟಲ್ ಸಹಿ ಹಾಕುವ ಕೀ ಇರುವ ಕೀಸ್ಟೋರ್ ಫೈಲ್ ಮತ್ತು ಪಾಸ್‌ವರ್ಡನ್ನು ಎರಡು ಕಡೆ ಇಡಿ, ಆದರೆ ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಎಂದಿಗೂ ಹಾಕಬೇಡಿ. ಅಪ್‌ಲೋಡ್ ಕೀ ಕಳೆದರೆ ಪ್ಲೇ ಕನ್ಸೋಲ್‌ನಲ್ಲಿ ಬದಲಿಸಿಕೊಡುವಂತೆ ಕೇಳಬಹುದು, ಆದರೆ ದಿನಗಟ್ಟಲೆ ಕಾಯಬೇಕು.

ಕಲಿಯುವವರ ಮೆಚ್ಚಿನ ಇನ್ನೊಂದು ಆಪ್ ಇದೆ, ಬ್ಯಾಂಕಿನ ಎಸ್‌ಎಂಎಸ್ ಓದಿ ಖರ್ಚು ಲೆಕ್ಕ ಹಾಕುವುದು. ಎಸ್‌ಎಂಎಸ್ ಓದುವ ಅನುಮತಿಗೆ ಪ್ಲೇ ಸ್ಟೋರ್‌ನಲ್ಲಿ ಬಿಗಿ ನಿರ್ಬಂಧವಿದೆ, ಪ್ರತ್ಯೇಕ ಘೋಷಣೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಮೊದಲ ಆಪ್‌ಗೆ ಆ ಸಹವಾಸ ಬೇಡ.

ಪ್ರಶ್ನೆ: ಮಗಳು ಆನ್‌ಲೈನ್ ಸಂಸ್ಥೆಯೊಂದಕ್ಕೆ ಸೇರಬೇಕೆನ್ನುತ್ತಾಳೆ. ನೂರಕ್ಕೆ ನೂರು ಕೆಲಸ ಗ್ಯಾರಂಟಿಯಂತೆ. ಶುಲ್ಕವನ್ನು ತಿಂಗಳ ಕಂತಿನಲ್ಲಿ ಕಟ್ಟಬಹುದಂತೆ. ಎರಡು ವರ್ಷದ ಅನುಭವ ಪತ್ರವನ್ನೂ ಕೊಡುತ್ತಾರಂತೆ.
– ಒಬ್ಬ ತಂದೆ, ಚಿಂತಾಮಣಿ

ಉತ್ತರ: ಕೊನೆಯ ಮಾತೊಂದೇ ಸಾಕು, ಅಲ್ಲಿಗೆ ಹೋಗಬೇಡಿ. ಮಾಡದ ಕೆಲಸಕ್ಕೆ ಅನುಭವ ಪತ್ರ ಕೊಡುವುದು ಮೋಸ. ಕಂಪನಿಗಳು ಹಿನ್ನೆಲೆ ತಪಾಸಣೆ ಮಾಡಿಸುತ್ತವೆ, ಭವಿಷ್ಯನಿಧಿ ಖಾತೆ ಸಂಖ್ಯೆಯ (ಯುಎಎನ್) ದಾಖಲೆ ನೋಡುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ನಿಮ್ಮ ಮಗಳದ್ದು, ಸಂಸ್ಥೆಯದ್ದಲ್ಲ.

'ತಿಂಗಳ ಕಂತು' ಎಂಬುದು ಬಹುತೇಕ ಸಾಲ. ಸಂಸ್ಥೆಗೆ ದುಡ್ಡು ಒಟ್ಟಿಗೇ ಸಂದಿರುತ್ತದೆ, ನೀವು ಸಾಲಗಾರರಾಗುವುದು ಹಣಕಾಸು ಕಂಪನಿಗೆ. ಪಾಠ ಸರಿಯಿಲ್ಲವೆಂದು ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಅಂಕ ಇಳಿಯುತ್ತದೆ. ಒಟಿಪಿ ಹೇಳುವ ಮೊದಲು ಸಾಲ ಕೊಡುವವರ ಹೆಸರು, ಒಟ್ಟು ವೆಚ್ಚ ತೋರಿಸುವ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್', ಕೋರ್ಸ್ ಬಿಟ್ಟರೆ ಸಾಲ ರದ್ದಾಗುವುದು ಹೇಗೆ, ಇವನ್ನೆಲ್ಲ ಬರಹದಲ್ಲಿ ಕೇಳಿ. ಗ್ಯಾರಂಟಿಯ ಷರತ್ತನ್ನೂ ಓದಿ. ಇಷ್ಟು ಹಾಜರಾತಿ, ಯಾವ ಊರಿಗಾದರೂ ಹೋಗಬೇಕು, ಮೊದಲು ಬಂದ ಕೆಲಸವನ್ನೇ ಒಪ್ಪಬೇಕು ಎಂಬ ಸಾಲುಗಳಿದ್ದರೆ ಅದು ಗ್ಯಾರಂಟಿಯೇ ಅಲ್ಲ. ಮೂಲ ಅಂಕಪಟ್ಟಿ ಯಾರಿಗೂ ಒತ್ತೆ ಕೊಡಬೇಡಿ. ಈಗಾಗಲೇ ದುಡ್ಡು ಕಟ್ಟಿ ತೊಂದರೆಯಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೆಲಸದ ಹೆಸರಿನಲ್ಲಿ ಆನ್‌ಲೈನಲ್ಲಿ ಹಣ ಕಿತ್ತಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಎಐ ಈಗ ಕೋಡನ್ನೆಲ್ಲ ಬರೆದುಕೊಡುತ್ತದಲ್ಲ, ಇನ್ನು ಕಲಿತು ಪ್ರಯೋಜನವೇನು?
– ಎನ್.ಆರ್., ಮಂಡ್ಯ

ಉತ್ತರ: ಬರೆದುಕೊಡುತ್ತದೆ. ಮೇಲೆ ಹೇಳಿದ ಡೇಟಾ ಅಳಿಸುವ ಸಾಲನ್ನೂ ಅಷ್ಟೇ ಸಲೀಸಾಗಿ ಬರೆದುಕೊಡುತ್ತದೆ. ಅದು ಯಾಕೆ ಅಪಾಯ ಎಂದು ಗುರುತಿಸುವವರು ಬೇಕು. ಮೊದಲ ಮೂರು ತಿಂಗಳು ಅದರಿಂದ ಕೋಡ್ ಬರೆಸಬೇಡಿ, ಎರರ್‌ನ ಅರ್ಥ ಕೇಳಲು ಮಾತ್ರ ಬಳಸಿ. ಆಮೇಲೆ ಬರೆಸಿದರೂ ಪ್ರತಿ ಸಾಲು ಏಕೆ ಇದೆ ಎಂದು ಹೇಳಲು ಬಾರದ್ದನ್ನು ಪ್ರಾಜೆಕ್ಟಿಗೆ ಸೇರಿಸಬೇಡಿ. ಹೊಸಬರಿಗೆ ಕೆಲಸ ಸಿಗುವುದು ಮೊದಲಿಗಿಂತ ಕಷ್ಟವಾಗಿದೆ ಎಂಬುದು ನಿಜವೇ. ಹಾಗಾಗಿ ಈಗಿರುವ ಕೆಲಸ ಬಿಟ್ಟು ಕಲಿಯಲು ಕೂರಬೇಡಿ.

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತು ಬರುವುದಿಲ್ಲ. ಆಪ್ ಸಿದ್ಧವಿದೆ. ಬೆಂಗಳೂರಿನಲ್ಲಿ ಕೆಲಸ ಹುಡುಕುವುದು ಹೇಗೆ?
– ಡಿ.ಪಿ., ಹೊಸದುರ್ಗ

ಉತ್ತರ: ರೆಸ್ಯೂಮ್ ಒಂದೇ ಪುಟ ಇರಲಿ. ಹೆಸರಿನ ಕೆಳಗೇ ಪ್ಲೇ ಸ್ಟೋರ್ ಲಿಂಕ್, ಗಿಟ್‌ಹಬ್ ಲಿಂಕ್. ಹತ್ತು ಅರೆಬೆಂದ ಪ್ರಾಜೆಕ್ಟಿಗಿಂತ ಜನ ಬಳಸುತ್ತಿರುವ ಒಂದು ಆಪ್ ಮೇಲು. ಹವಾಮಾನ ತೋರಿಸುವ ಆಪ್, ಕ್ಯಾಲ್ಕುಲೇಟರ್, ಟೂ-ಡೂ ಪಟ್ಟಿ ಇವನ್ನು ತೆಗೆದುಹಾಕಿ. ಎಲ್ಲರ ರೆಸ್ಯೂಮಿನಲ್ಲೂ ಅವೇ ಇವೆ, ಕೋಡೂ ಒಂದೇ. ಗಿಟ್‌ಹಬ್‌ನ ರೀಡ್‌ಮಿ ಪುಟದಲ್ಲಿ ಎರಡು ಸ್ಕ್ರೀನ್‌ಶಾಟ್, ಆಪ್ ಏನು ಮಾಡುತ್ತದೆಂಬ ನಾಲ್ಕು ಸಾಲು, ಎದುರಾದ ಒಂದು ಕಷ್ಟ ಮತ್ತು ಅದನ್ನು ಬಿಡಿಸಿದ ಬಗೆ ಬರೆಯಿರಿ. ಮೂರು ತಿಂಗಳ ಕೆಲಸವನ್ನು ಒಂದೇ ಕಮಿಟ್‌ನಲ್ಲಿ ಹಾಕಿದ್ದರೆ ನೋಡುವವರಿಗೆ ನಕಲು ಎಂಬ ಅನುಮಾನ ಬರುತ್ತದೆ.

ದೊಡ್ಡ ಕಂಪನಿಗಳ ಹಿಂದೆ ಬೀಳದೆ ಹತ್ತರಿಂದ ಐವತ್ತು ಜನರಿರುವ ಕಂಪನಿಗಳಿಗೆ ನೇರವಾಗಿ ಬರೆಯಿರಿ. ಅವರ ಆಪನ್ನು ಮೊದಲು ಫೋನಿಗೆ ಹಾಕಿಕೊಂಡು ಬಳಸಿ, ಕಂಡ ಒಂದು ದೋಷವನ್ನು ಸ್ಕ್ರೀನ್‌ಶಾಟ್ ಸಮೇತ ಆ ಪತ್ರದಲ್ಲಿ ಸೇರಿಸಿ. ಕನ್ನಡ ಆಯ್ಕೆ ಇರುವ ಆಪ್ ಆದರೆ ಒತ್ತಕ್ಷರ ಕತ್ತರಿಸಿದ ಜಾಗ ಒಂದಾದರೂ ಸಿಗುತ್ತದೆ.

ಇಂಗ್ಲಿಷಿನ ವಿಷಯ: ಸಂದರ್ಶನದಲ್ಲಿ ಬೇಕಾಗುವುದು ಭಾಷಣವಲ್ಲ, ನಿಮ್ಮ ಕೋಡಿನ ವಿವರಣೆ. ನಿಮ್ಮ ಆಪ್‌ನ ಒಂದೊಂದು ಫೈಲ್ ತೆರೆದು, ಅದು ಏನು ಮಾಡುತ್ತದೆಂದು ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದಿನಕ್ಕೊಂದು ಫೈಲ್. ತಡವರಿಸಿದ ಜಾಗ ಗುರುತು ಹಾಕಿಕೊಂಡು ಮರುದಿನ ಅದನ್ನೇ ಮತ್ತೆ ಹೇಳಿ. ತಡವರಿಸಿದ್ದು ಪದ ಸಿಗದೆಯೋ, ಕೋಡೇ ಗೊತ್ತಿಲ್ಲದೆಯೋ ಎಂದು ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿದರೆ ತಿಳಿಯುತ್ತದೆ. ಕನ್ನಡದಲ್ಲೂ ತಡವರಿಸಿದರೆ ಆ ಫೈಲನ್ನು ಅಳಿಸಿ ಮೊದಲಿಂದ ಬರೆಯಿರಿ.